ಎಲ್ಲರನ್ನೂ ಒಳಗೊಳ್ಳುವ ಸಹಕಾರ ಸಂಘದ ಸಾಮಾಜಿಕ ಪರಿಣಾಮ ಅಳೆಯುವುದು ಹೇಗೆ: ಮಹಿಳಾ ಹಾಲು ಸಂಘವನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಸಹಕಾರ ಸಂಘದ ಸಾಮಾಜಿಕ ಪರಿಣಾಮವನ್ನು ಅಳೆಯಲು ಹೊರಟವರಲ್ಲಿ ಬಹುಪಾಲು ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಪ್ರಶ್ನಾವಳಿ ಸಿದ್ಧವಾಗುತ್ತದೆ, ಆಮೇಲೆ ಸದಸ್ಯರನ್ನು ಸಂಘದ ಕಟ್ಟಡದಲ್ಲಿ ಸೇರಿಸಿ ಉತ್ತರ ಬರೆಸಿಕೊಳ್ಳಲಾಗುತ್ತದೆ, ಕೊನೆಗೆ ಸದಸ್ಯರ ಸಂಖ್ಯೆ, ವಾರ್ಷಿಕ ವಹಿವಾಟು ಮತ್ತು "ಶೇ 90ರಷ್ಟು ಮಹಿಳೆಯರು ತೃಪ್ತರಾಗಿದ್ದಾರೆ" ಎಂಬ ಸಾಲು ಸೇರಿ ವರದಿಯಾಗುತ್ತದೆ. ಇದರಲ್ಲಿ ಸಂಘದ ಗಾತ್ರ ತಿಳಿಯುತ್ತದೆಯೇ ಹೊರತು, ಯಾರು ಒಳಗೆ ಬಂದರು, ಯಾರು ಹೊರಗೇ ಉಳಿದರು, ಒಳಗೆ ಬಂದವರ ಬದುಕಿನಲ್ಲಿ ಸಂಘದಿಂದಾಗಿಯೇ ಏನು ಬದಲಾಯಿತು ಎಂಬುದು ತಿಳಿಯುವುದಿಲ್ಲ.

ಕರ್ನಾಟಕದ ಹಳ್ಳಿಗಳಲ್ಲಿ ಸುಲಭವಾಗಿ ಸಿಗುವ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಗಿರಿಜನರ ಲ್ಯಾಂಪ್ಸ್ ಸಂಘಕ್ಕಾಗಲಿ (ದೊಡ್ಡ ಪ್ರಮಾಣದ ವಿವಿಧೋದ್ದೇಶ ಸಹಕಾರ ಸಂಘ), ಅಂಗವಿಕಲರ ಸೌಹಾರ್ದ ಸಹಕಾರಿಗಾಗಲಿ (ಪ್ರತ್ಯೇಕ ಸೌಹಾರ್ದ ಕಾಯ್ದೆಯಡಿ ನೋಂದಣಿಯಾದ ಸಹಕಾರಿ) ಹಂತಗಳು ಇವೇ ಆಗಿರುತ್ತವೆ; ದಫ್ತರದ, ಅಂದರೆ ದಾಖಲೆ ಪುಸ್ತಕಗಳ, ಹೆಸರುಗಳಷ್ಟೇ ಬದಲಾಗುತ್ತವೆ. ಹಂತಗಳ ಕ್ರಮವನ್ನು ಮಾತ್ರ ದಯವಿಟ್ಟು ಬದಲಿಸಬೇಡಿ.

ಮೊದಲೇ ಹೊಂದಿಸಿಕೊಳ್ಳಬೇಕಾದವು

ಸಂಘದ ಸದಸ್ಯತ್ವ ನೋಂದಣಿ ಪುಸ್ತಕ, ಕನಿಷ್ಠ ಮೂರು ವರ್ಷದ ಬಟವಾಡೆ ಪಟ್ಟಿ (ಯಾರಿಗೆ ಎಷ್ಟು ಹಾಲಿನ ಹಣ ಕೊಟ್ಟರೆಂಬ ಪಟ್ಟಿ), ಆಡಳಿತ ಮಂಡಳಿ ಮತ್ತು ಮಹಾಸಭೆಯ ನಡಾವಳಿ ಪುಸ್ತಕಗಳು, ಕಳೆದ ಚುನಾವಣೆಯ ಮತದಾರರ ಪಟ್ಟಿ ಮತ್ತು ಉಪವಿಧಿಯ (ಸಂಘದ ಒಳನಿಯಮಗಳ) ಪ್ರತಿ ನಿಮ್ಮ ಕೈಗೆ ಸಿಗಬೇಕು. ಇವನ್ನು ನೋಡಲು ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ. ಎಣಿಕೆಗೆ ಒಂದು ಸಾಮಾನ್ಯ ಎಕ್ಸೆಲ್ ಹಾಳೆ ಸಾಕಾಗುತ್ತದೆ. ಮನೆಮನೆಗೆ ಹೋಗಲು ಇಬ್ಬರು ಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು, ಇಬ್ಬರೂ ಆ ಸಂಘದ ನೌಕರರಾಗಲಿ ನಿರ್ದೇಶಕರ ಸಂಬಂಧಿಕರಾಗಲಿ ಆಗಿರಬಾರದು. ಸದಸ್ಯರು ಇನ್ನೂರರ ಆಸುಪಾಸಿನಲ್ಲಿರುವ ಸಂಘಕ್ಕೆ ಒಂದು ಬಾರಿಯ ಅಳತೆಗೆ ಒಟ್ಟು ಆರು ವಾರಗಳ ಅವಧಿ ಇಟ್ಟುಕೊಳ್ಳಿ.

ಹಂತ 1: ಅಳೆಯಬೇಕಾದ ಬದಲಾವಣೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಮಹಿಳಾ ಸಬಲೀಕರಣ" ಎಂಬುದು ಅಳೆಯಬಹುದಾದ ವಸ್ತುವಲ್ಲ. "ಭೂಮಿಯಿಲ್ಲದ ಮನೆಗಳ ಮಹಿಳೆಯರು ಹಾಲಿನ ಹಣವನ್ನು ತಮ್ಮ ಕೈಯಲ್ಲೇ ಪಡೆದು, ಅದರ ಖರ್ಚನ್ನು ತಾವೇ ನಿರ್ಧರಿಸುವಂತಾಗಿದೆಯೇ" ಎಂಬುದು ಅಳೆಯಬಹುದಾದದ್ದು. ಆ ವಾಕ್ಯದಲ್ಲಿ ಯಾರು, ಏನು, ಯಾವ ಅವಧಿಯಲ್ಲಿ ಎಂಬ ಮೂರೂ ಇರಲಿ. ಒಂದಕ್ಕಿಂತ ಹೆಚ್ಚು ವಾಕ್ಯ ಬರೆಯಬೇಕೆನಿಸಿದರೆ ಪ್ರತ್ಯೇಕ ಅಧ್ಯಯನಗಳನ್ನೇ ಮಾಡಿ.

ಈ ವಾಕ್ಯವನ್ನು ಅಧ್ಯಕ್ಷರ ಜೊತೆ ಕೂತು ಬರೆಯುವುದಕ್ಕಿಂತ, ಸಂಜೆ ಹಾಲು ಹಾಕಲು ಬಂದ ಆರೇಳು ಮಂದಿಯನ್ನು ಮಾತಾಡಿಸಿ ಬರೆಯುವುದು ಒಳ್ಳೆಯದು. ಸಂಘ ತಮಗೆ ಏನು ಮಾಡಿಕೊಡಬೇಕಿತ್ತು ಎಂಬುದನ್ನು ಅವರು ನಮಗಿಂತ ಖಚಿತವಾಗಿ ಹೇಳಬಲ್ಲರು.

ಹಂತ 2: ಹೊರಗಿರುವವರ ಪಟ್ಟಿ ಮಾಡಿ

ಈ ಹಂತವನ್ನು ಬಿಟ್ಟವರ ವರದಿ ಮುಂದೆ ಯಾವ ಹಂತದಲ್ಲೂ ಸರಿಹೋಗುವುದಿಲ್ಲ. ಸಂಘದಲ್ಲಿ ಪರಿಶಿಷ್ಟ ಜಾತಿಯ ಸದಸ್ಯೆಯರು 18 ಮಂದಿ ಇದ್ದಾರೆ ಎಂಬ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಊರಿನಲ್ಲಿ ಪರಿಶಿಷ್ಟ ಜಾತಿಯ ಮನೆಗಳು 20 ಇದ್ದರೆ ಅದು ದೊಡ್ಡ ಸಾಧನೆ, 120 ಇದ್ದರೆ ಕಾಳಜಿಯ ವಿಷಯ.

ಆದ್ದರಿಂದ ಇಡೀ ಊರಿನ ಮನೆಗಳ ಲೆಕ್ಕ ಮೊದಲು ಬೇಕು. ಅಂಗನವಾಡಿ ಕಾರ್ಯಕರ್ತೆಯರ ಬಳಿ ಇರುವ ಕುಟುಂಬ ಸಮೀಕ್ಷೆಯ ಪುಸ್ತಕ, ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿ ಮತ್ತು ಪಶು ಆಸ್ಪತ್ರೆಯಲ್ಲಿ ಸಿಗುವ ಜಾನುವಾರು ಲೆಕ್ಕ ಇದಕ್ಕೆ ಆಧಾರವಾಗಬಲ್ಲವು. ಮನೆಗಳನ್ನು ಜಾತಿ ವರ್ಗ, ಜಮೀನು, ಹಸು ಅಥವಾ ಎಮ್ಮೆ ಇದೆಯೇ, ಮಹಿಳೆಯೇ ಯಜಮಾನಿಯೇ, ಮನೆಯಲ್ಲಿ ಅಂಗವಿಕಲರಿದ್ದಾರೆಯೇ ಎಂಬ ಐದು ಕಲಮುಗಳಲ್ಲಿ ಗುರುತು ಮಾಡಿ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 17, ಪರಿಶಿಷ್ಟ ಪಂಗಡದವರು ಸುಮಾರು ಶೇ 7 ಇದ್ದರು. ಆದರೆ ಹೋಲಿಕೆಗೆ ರಾಜ್ಯದ ಸರಾಸರಿಯನ್ನು ಬಳಸಬೇಡಿ, ಆ ಊರಿನದೇ ಪ್ರಮಾಣವನ್ನು ಬಳಸಿ.

ಅಂಗವಿಕಲತೆಯ ಕಲಮಿನ ಬಗ್ಗೆ ವಿಶೇಷ ಎಚ್ಚರ ಬೇಕು. "ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರೆಯೇ" ಎಂದು ಕೇಳಿದರೆ ಗುರುತಿನ ಚೀಟಿ ಇರುವವರನ್ನಷ್ಟೇ ಹೇಳುತ್ತಾರೆ. ಅದರ ಬದಲು ವಾಷಿಂಗ್ಟನ್ ಗ್ರೂಪ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು ರೂಪಿಸಿರುವ ಆರು ಪ್ರಶ್ನೆಗಳನ್ನು ಕೇಳಿ: ನೋಡಲು, ಕೇಳಿಸಿಕೊಳ್ಳಲು, ನಡೆಯಲು ಅಥವಾ ಮೆಟ್ಟಿಲು ಹತ್ತಲು, ನೆನಪಿಟ್ಟುಕೊಳ್ಳಲು ಅಥವಾ ಗಮನವಿಡಲು, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳಲು, ಮಾತಾಡಿ ಅರ್ಥಮಾಡಿಸಲು ತೊಂದರೆ ಇದೆಯೇ. ಪ್ರತಿಯೊಂದಕ್ಕೂ ಏನೂ ತೊಂದರೆಯಿಲ್ಲ, ಸ್ವಲ್ಪ ತೊಂದರೆ, ಬಹಳ ತೊಂದರೆ, ಸಾಧ್ಯವೇ ಇಲ್ಲ ಎಂಬ ನಾಲ್ಕು ಉತ್ತರಗಳಿರುತ್ತವೆ. ಯಾವುದಾದರೂ ಒಂದಕ್ಕೆ "ಬಹಳ ತೊಂದರೆ" ಅಥವಾ "ಸಾಧ್ಯವೇ ಇಲ್ಲ" ಎಂದವರನ್ನು ಲೆಕ್ಕಕ್ಕೆ ಸೇರಿಸಿ. ಕಣ್ಣು ಮಂಜಾಗಿ ಹಾಲಿನ ಚೀಟಿಯ ಅಂಕಿ ಓದಲಾಗದೆ, ಬರೆದುಕೊಟ್ಟದ್ದನ್ನೇ ನಂಬಿ ಮನೆಗೆ ಹೋಗುವ ಅಜ್ಜಿಯರು ಈ ಪ್ರಶ್ನೆಗಳಿಂದ ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ.

ಹಂತ 3: ಸದಸ್ಯರನ್ನು ಮಾತಾಡಿಸುವ ಮೊದಲು ದಫ್ತರ ಓದಿ

ಸಂಘದ ದಫ್ತರದಲ್ಲಿ ಸಿಗುವ ಮಾಹಿತಿಯನ್ನು ಸದಸ್ಯರ ಬಾಯಿಂದ ಕೇಳಿ ಅವರ ಸಮಯ ತೆಗೆದುಕೊಳ್ಳಬಾರದು. ದಫ್ತರವನ್ನು ಈ ಕ್ರಮದಲ್ಲಿ ನೋಡಿ.

ಮೊದಲನೆಯದು ಸದಸ್ಯತ್ವ ಪುಸ್ತಕ. ಅದರಲ್ಲಿರುವ ಹೆಸರುಗಳನ್ನು ಕಳೆದ ಹನ್ನೆರಡು ತಿಂಗಳ ಬಟವಾಡೆ ಪಟ್ಟಿಯ ಜೊತೆ ತಾಳೆ ಹಾಕಿ, ಒಮ್ಮೆಯೂ ಹಾಲು ಹಾಕದವರು, ವರ್ಷದಲ್ಲಿ ಕೆಲವೇ ತಿಂಗಳು ಹಾಕಿದವರು, ಬಹುಪಾಲು ದಿನ ಹಾಕಿದವರು ಎಂದು ಮೂರು ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ಹಂತ 2ರ ವರ್ಗಗಳು ಹೇಗೆ ಹಂಚಿಕೆಯಾಗಿವೆ ಎಂದು ಎಣಿಸಿ. ಷೇರು ಹಣ ಕಟ್ಟಿಸಿಕೊಂಡು ಹೆಸರು ಸೇರಿಸುವುದು ಸುಲಭದ ಕೆಲಸ. ಒಳಗೊಳ್ಳುವಿಕೆ ಕಾಣಬೇಕಾದದ್ದು ಮೂರನೆಯ ಗುಂಪಿನಲ್ಲಿ.

ಎರಡನೆಯದು ಮತದಾರರ ಪಟ್ಟಿ. ಉಪವಿಧಿಯಲ್ಲಿ ನಿಗದಿಯಾದಷ್ಟು ಹಾಲು ಹಾಕದವರು ಮತ್ತು ಮಹಾಸಭೆಗಳಿಗೆ ಬಾರದವರು ಮತದಾನದ ಹಕ್ಕನ್ನು ಕಳೆದುಕೊಳ್ಳಬಹುದು. ನಿಯಮ ಎಲ್ಲರಿಗೂ ಒಂದೇ ಆಗಿದ್ದರೂ ಅದರ ಭಾರ ಎಲ್ಲರ ಮೇಲೆ ಒಂದೇ ರೀತಿ ಬೀಳುವುದಿಲ್ಲ. ಮೂರು ಹಸುಗಳಿರುವ ಮನೆಯಲ್ಲಿ ಒಂದು ಹಾಲು ಬತ್ತಿಸಿಕೊಂಡರೆ ಇನ್ನೊಂದು ಕರೆಯುತ್ತಿರುತ್ತದೆ. ಒಂದೇ ಹಸು ಇರುವ ಮನೆಯಲ್ಲಿ ಹಸು ಗಬ್ಬವಾಗಿ ಬತ್ತಿದ ಮೇಲೆ ಕರು ಹಾಕುವವರೆಗೆ ಡೈರಿಯ ಕಡೆ ಹೋಗುವ ಕಾರಣವೇ ಇರುವುದಿಲ್ಲ. ಅನರ್ಹರ ಪಟ್ಟಿಯಲ್ಲಿ ಒಂದೇ ಹಸುವಿನ ಮನೆಗಳೆಷ್ಟು ಎಂಬುದನ್ನು ಎಣಿಸಿ ಬರೆದುಕೊಳ್ಳಿ. ನಾನು ನೋಡಿದ ಮಟ್ಟಿಗೆ ಇಡೀ ಅಧ್ಯಯನದಲ್ಲಿ ಇದಕ್ಕಿಂತ ಬೆಲೆಬಾಳುವ ಅಂಕಿ ಸಿಗುವುದು ಅಪರೂಪ.

ಮೂರನೆಯದು ಹಾಲು ವಾಪಸಾದ ಲೆಕ್ಕ. ಫ್ಯಾಟ್ (ಜಿಡ್ಡಿನಂಶ) ಅಥವಾ ಡಿಗ್ರಿ (ಹಾಲಿನ ಗಟ್ಟಿತನದ ಅಳತೆ) ಬರಲಿಲ್ಲವೆಂದು, ಒಡೆದಿದೆಯೆಂದು ತಿರುಗಿ ಕಳಿಸಿದ ಹಾಲಿನ ದಾಖಲೆ ಇದ್ದರೆ ಅದನ್ನೂ ವರ್ಗವಾರು ಎಣಿಸಿ. ಒಂದು ಕೇರಿಯ ಹಾಲೇ ಮತ್ತೆ ಮತ್ತೆ ವಾಪಸಾಗುತ್ತಿದ್ದರೆ ಕಾರಣ ಮೇವಿನ ಕೊರತೆಯೂ ಆಗಿರಬಹುದು, ದೂರದಿಂದ ಹೊತ್ತು ತರುವಷ್ಟರಲ್ಲಿ ಕೆಡುವುದೂ ಆಗಿರಬಹುದು, ತಾರತಮ್ಯವೂ ಆಗಿರಬಹುದು. ಕಾರಣವನ್ನು ಈ ಹಂತದಲ್ಲಿ ತೀರ್ಮಾನಿಸದೆ ಗುರುತು ಮಾಡಿಟ್ಟುಕೊಳ್ಳಿ.

ಕೊನೆಯದು ನಡಾವಳಿ ಪುಸ್ತಕ. ಕರ್ನಾಟಕದ ಸಹಕಾರ ಕಾಯ್ದೆ ಆಡಳಿತ ಮಂಡಳಿಗಳಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ, ಹಿಂದುಳಿದ ವರ್ಗಗಳಿಗೆ ಸ್ಥಾನ ಮೀಸಲಿಟ್ಟಿದೆ. ಆ ಸ್ಥಾನ ಭರ್ತಿಯಾಗಿದೆ ಎಂಬುದಕ್ಕೆ ತೃಪ್ತಿಪಡದೆ, ಮೀಸಲು ಸ್ಥಾನದ ನಿರ್ದೇಶಕರು ಸೂಚಿಸಿದ ನಿರ್ಣಯಗಳೆಷ್ಟು, ಅನುಮೋದಿಸಿದವೆಷ್ಟು ಎಂದು ನೋಡಿ. ಒಂದು ಸಂಘದಲ್ಲಿ ನಾನು ನಡಾವಳಿ ಪುಸ್ತಕ ತಿರುವುತ್ತಿದ್ದಾಗ ಹಾಜರಾತಿಯ ಸಹಿಗಳು ಪ್ರತಿ ಸಭೆಯಲ್ಲೂ ಒಂದೇ ಸರದಿಯಲ್ಲಿದ್ದವು. ಸಂಜೆ ಊರೊಳಗೆ ನಡೆದು ಹೋಗುವಾಗ ಆ ಸರದಿ ಬೀದಿಯ ಮನೆಗಳ ಸರದಿಯೇ ಆಗಿತ್ತೆಂದು ತಿಳಿಯಿತು. ಸಭೆ ಸೇರಿರಲಿಲ್ಲ, ಪುಸ್ತಕವೇ ಮನೆಯಿಂದ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದಿತ್ತು. ಒಂದೇ ಪೆನ್ನು, ಒಂದೇ ಸರದಿ, ಎಲ್ಲ ತಿಂಗಳೂ ಪೂರ್ಣ ಹಾಜರಾತಿ ಕಂಡರೆ ಸಭೆ ನಡೆದ ದಿನವನ್ನು ಇಬ್ಬರು ಸದಸ್ಯೆಯರಿಂದ ಬೇರೆ ಬೇರೆಯಾಗಿ ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 4: ಸೂಚಕಗಳನ್ನು ಎಂಟಕ್ಕೆ ನಿಲ್ಲಿಸಿ

ಬದಲಾವಣೆಯನ್ನು ತೋರಿಸುವ ಅಂಕಿಗಳೇ ಸೂಚಕಗಳು. ನಲವತ್ತು ಸೂಚಕಗಳ ಪಟ್ಟಿ ಮಾಡಿದವರು ಎಲ್ಲವನ್ನೂ ಅರ್ಧಂಬರ್ಧ ಅಳೆಯುತ್ತಾರೆ. ಮಹಿಳಾ ಹಾಲು ಸಂಘಕ್ಕೆ ನಾನು ಸೂಚಿಸುವವು ಇವು: ಅರ್ಹ ಮನೆಗಳಲ್ಲಿ ಸದಸ್ಯತ್ವ ಪಡೆದವುಗಳ ವರ್ಗವಾರು ಪ್ರಮಾಣ, ಬಹುಪಾಲು ದಿನ ಹಾಲು ಹಾಕುವವರ ವರ್ಗವಾರು ಪ್ರಮಾಣ, ಕಡಿತಗಳ ನಂತರ ಕೈಗೆ ಬಂದ ಹಣ, ಆ ಹಣ ಯಾರ ಕೈಯಲ್ಲಿ ಉಳಿಯಿತು, ಮತದಾನದ ಹಕ್ಕು ಉಳಿಸಿಕೊಂಡವರ ಪ್ರಮಾಣ, ಸಭೆಯಲ್ಲಿ ಮಾತಾಡಿದವರ ಪ್ರಮಾಣ, ಮೂರು ವರ್ಷದಲ್ಲಿ ಸಂಘ ಬಿಟ್ಟವರ ಪ್ರಮಾಣ, ದಿನದ ಕೆಲಸದ ಹೊರೆಯಲ್ಲಾದ ಬದಲಾವಣೆ.

ಮೂರನೆಯ ಸೂಚಕದಲ್ಲಿ ತಪ್ಪು ಬಹಳ. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಿನಕ್ಕೆ 8 ಲೀಟರಿನಂತೆ 15 ದಿನಕ್ಕೆ 120 ಲೀಟರ್, ಲೀಟರಿಗೆ 35 ರೂಪಾಯಿಯಂತೆ 4,200 ರೂಪಾಯಿ. ಅದರಲ್ಲಿ ಸಂಘದಿಂದ ಸಾಲಕ್ಕೆ ತಂದ ಪಶು ಆಹಾರದ ಮೂಟೆಗೆ 1,300, ಹಸುವಿನ ಸಾಲದ ಕಂತಿಗೆ 1,000 ಮುರಿದುಕೊಂಡರೆ ಉಳಿಯುವುದು 1,900. ವರದಿಯಲ್ಲಿ 4,200ನ್ನು "ಆದಾಯ" ಎಂದು ಬರೆದರೆ ಸದಸ್ಯೆಯ ಬದುಕನ್ನು ಇಮ್ಮಡಿಗಿಂತ ಹೆಚ್ಚಾಗಿ ತೋರಿಸಿದಂತಾಗುತ್ತದೆ. ಹೊರಗಿನಿಂದ ಕೊಂಡ ಹಿಂಡಿ, ಬೂಸಾ, ಒಣಮೇವಿನ ಖರ್ಚು ಬಟವಾಡೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅದನ್ನು ಮನೆಯಲ್ಲೇ ಕೇಳಬೇಕು.

ಎಂಟನೆಯ ಸೂಚಕವನ್ನು ಬಹಳ ಮಂದಿ ಕೈಬಿಡುತ್ತಾರೆ, ಅದು ಸರಿಯಲ್ಲ. ಹಸು ಬಂದ ಮೇಲೆ ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಎರಡು ಹೊತ್ತು ಹಾಲು ಕರೆಯುವುದು ಸಾಮಾನ್ಯವಾಗಿ ಮನೆಯ ಹೆಂಗಸಿನ ಪಾಲಿಗೇ ಬರುತ್ತವೆ, ಕೆಲವೊಮ್ಮೆ ಹುಲ್ಲಿಗೆ ಹೋಗಲು ಮಗಳ ಶಾಲೆ ತಪ್ಪುತ್ತದೆ. ಮಕ್ಕಳಿಗೆಂದು ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದ ಹಾಲೂ ಡೈರಿಗೆ ಹೋಗತೊಡಗಬಹುದು. ಇವೂ ಸಾಮಾಜಿಕ ಪರಿಣಾಮಗಳೇ ಆದ್ದರಿಂದ ಅಳತೆಯ ಒಳಗೇ ಇರಬೇಕು.

ಹಂತ 5: ಹೋಲಿಕೆಗೆ ಇನ್ನೊಂದು ಊರನ್ನು ಆರಿಸಿ

ಸಂಘದ ಊರಿನಲ್ಲಿ ಮೊದಲು ಹೀಗಿತ್ತು, ಈಗ ಹೀಗಿದೆ ಎಂದಷ್ಟೇ ತೋರಿಸಿದರೆ ಸಾಲದು, ಏಕೆಂದರೆ ಕಾಲ ಸರಿದಂತೆ ಸಂಘವಿಲ್ಲದ ಊರುಗಳೂ ಬದಲಾಗುತ್ತಿರುತ್ತವೆ. ಕರ್ನಾಟಕದಲ್ಲಿ ಇದು ಈಗ ಇನ್ನಷ್ಟು ಮುಖ್ಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಮಹಿಳೆಯರ ಬಸ್ ಪ್ರಯಾಣ ಉಚಿತವಾಯಿತು, ಅದೇ ವರ್ಷದ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ನೀಡುವುದು ಆರಂಭವಾಯಿತು. 2022ರಲ್ಲಿ ಆರಂಭದ ಅಳತೆ ಮಾಡಿ ಈಗ ಮತ್ತೆ ಅಳೆದವರಿಗೆ "ಸ್ವಂತ ಖಾತೆ ಬಳಸುವವರು", "ಒಬ್ಬರೇ ತಾಲ್ಲೂಕು ಕೇಂದ್ರಕ್ಕೆ ಹೋಗುವವರು" ಎಂಬ ಎರಡು ಅಂಕಿಗಳೂ ಏರಿರುವುದು ಕಂಡೀತು. ಆ ಏರಿಕೆಯನ್ನು ಪೂರ್ತಿಯಾಗಿ ಸಂಘದ ಖಾತೆಗೆ ಬರೆಯುವುದು ಸುಳ್ಳಾಗುತ್ತದೆ. ಹಾಗೆಯೇ 2022ರಲ್ಲಿ ರಾಜ್ಯದ ಹಲವೆಡೆ ದನಗಳಿಗೆ ಚರ್ಮಗಂಟು ರೋಗ ತಗುಲಿ ಹಾಲು ಕಡಿಮೆಯಾಗಿತ್ತು. ಆ ವರ್ಷವನ್ನು ಆರಂಭವಾಗಿ ಇಟ್ಟುಕೊಂಡರೆ ನಂತರದ ಯಾವ ವರ್ಷವೂ ಪ್ರಗತಿಯಂತೆ ಕಾಣುತ್ತದೆ.

ಮಳೆ, ನೀರಾವರಿ, ಜಾತಿ ಹಂಚಿಕೆ ಮತ್ತು ಪೇಟೆಯ ದೂರದಲ್ಲಿ ಹೋಲುವ, ಆದರೆ ಮಹಿಳಾ ಸಂಘವಿಲ್ಲದ ಊರನ್ನು ಆರಿಸಿ. ಅಲ್ಲಿ ಎಲ್ಲರೂ ಸದಸ್ಯರಾಗಬಹುದಾದ ಸಾಮಾನ್ಯ ಹಾಲು ಸಂಘವಿದ್ದರೆ ಇನ್ನೂ ಒಳ್ಳೆಯದು, ಆಗ ಹಾಲು ಮಾರಾಟದಿಂದಾದ ಬದಲಾವಣೆ ಯಾವುದು, ಮಹಿಳೆಯರದೇ ಸಂಘವಾದ್ದರಿಂದ ಆದದ್ದು ಯಾವುದು ಎಂಬುದು ಬೇರೆಯಾಗುತ್ತದೆ. ಲೀಟರಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಆಗ ಎರಡೂ ಊರುಗಳಿಗೆ ಸಿಗುವುದರಿಂದ ಹೋಲಿಕೆಯಲ್ಲಿ ಅದು ತಾನಾಗಿಯೇ ಕಳೆದುಹೋಗುತ್ತದೆ. ಎರಡೂ ಊರುಗಳನ್ನು, ಆರಂಭದಲ್ಲಿ ಮತ್ತು ನಂತರ ಅಳೆಯುವ ಎರಡೂ ಬಾರಿಯೂ, ಒಂದೇ ತಿಂಗಳಿನಲ್ಲಿ ಅಳೆಯಿರಿ; ಹಸಿರು ಮೇವಿರುವ ತಿಂಗಳಿನ ಹಾಲನ್ನು ಬೇಸಿಗೆಯ ಹಾಲಿನ ಜೊತೆ ಹೋಲಿಸಬಾರದು.

ಹಂತ 6: ಮನೆಗೆ ಹೋಗಿ ಕೇಳಿ

ಸದಸ್ಯರು ಇನ್ನೂರರೊಳಗಿದ್ದರೆ ಎಲ್ಲರ ಮನೆಗೂ ಹೋಗುವುದೇ ಸರಿ. ಅದಕ್ಕಿಂತ ಹೆಚ್ಚಿದ್ದರೆ ಮಾದರಿ ಆರಿಸಬಹುದು: ಶೇ 5ರ ತಪ್ಪಿನ ಮಿತಿಗೆ ಸದಸ್ಯರ ಸಂಖ್ಯೆಯನ್ನು, ಅದೇ ಸಂಖ್ಯೆಯನ್ನು 0.0025ರಿಂದ ಗುಣಿಸಿ 1 ಕೂಡಿಸಿದ ಮೊತ್ತದಿಂದ ಭಾಗಿಸಿ. 600 ಸದಸ್ಯರಿದ್ದರೆ 600ನ್ನು 2.5ರಿಂದ ಭಾಗಿಸಿ 240 ಮನೆಗಳು. ಮಾದರಿಯ ಚೀಟಿಯನ್ನು ವರ್ಗವಾರು ಬೇರೆ ಬೇರೆ ಎತ್ತಿ, ಪರಿಶಿಷ್ಟ ಜಾತಿಯ ಸದಸ್ಯೆಯರು 14 ಮಂದಿಯೇ ಇದ್ದರೆ ಹದಿನಾಲ್ಕೂ ಮನೆಗಳಿಗೆ ಹೋಗಿ. ಸಂಘ ಬಿಟ್ಟವರ ಪಟ್ಟಿಯಿಂದ ಕನಿಷ್ಠ ಹದಿನೈದು ಮನೆ, ಸದಸ್ಯತ್ವವೇ ಪಡೆಯದವರಲ್ಲಿ ಹದಿನೈದು ಮನೆ ಸೇರಿಸಿಕೊಳ್ಳಿ. ಯಾರ ಮನೆಗೆ ಹೋಗಬೇಕೆಂಬುದನ್ನು ಕಾರ್ಯದರ್ಶಿಯವರು ಸೂಚಿಸಲು ಬಿಡಬೇಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಚೆನ್ನಾಗಿ ಮಾತಾಡುವವರ ಮನೆಗೆ ಕರೆದುಕೊಂಡು ಹೋಗುತ್ತಾರೆ.

ಹೊತ್ತನ್ನು ನೋಡಿಕೊಂಡು ಹೋಗಿ. ಬೆಳಗಿನ ಹಾಲು ಡೈರಿಗೆ ಹೋಗಿ ಅಡುಗೆ ಮುಗಿದ ಮೇಲೆ, ಸಂಜೆ ಕರೆಯುವ ಹೊತ್ತಿಗೆ ಮುಂಚೆ ಸ್ವಲ್ಪ ಬಿಡುವಿರುತ್ತದೆ. ಗಂಡಸರು ಜಗಲಿಯ ಮೇಲೆ ಕೂತು ಉತ್ತರಿಸತೊಡಗಿದರೆ ಜೊತೆಗಿರುವ ಸಹಾಯಕರು ಅವರನ್ನು ಜಾನುವಾರು, ಜಮೀನಿನ ಪ್ರಶ್ನೆಗಳಿಗೆ ಬೇರೆಡೆ ಕೂರಿಸಿಕೊಳ್ಳಲಿ, ಮಹಿಳೆಯೊಡನೆ ಮಹಿಳೆಯೇ ಕೊಟ್ಟಿಗೆಯ ಬಳಿ ಮಾತಾಡಲಿ.

"ಸಂಘದಿಂದ ನಿಮಗೆ ಅನುಕೂಲವಾಗಿದೆಯೇ" ಎಂದು ಕೇಳಿದರೆ ಹೌದು ಎಂಬ ಉತ್ತರವೇ ಬರುತ್ತದೆ. ನಡೆದದ್ದನ್ನು ಕೇಳಬೇಕು: "ಹೋದ ಬಟವಾಡೆ ದುಡ್ಡು ಎಷ್ಟು ಬಂತಕ್ಕಾ? ಯಾರು ತಂದ್ರು? ಅದರಲ್ಲಿ ಮೊದಲು ಯಾವುದಕ್ಕೆ ಖರ್ಚಾಯ್ತು? ಎಟಿಎಂ ಕಾರ್ಡು ಈಗ ಎಲ್ಲಿದೆ?" ಒಮ್ಮೆ ಈ ಕೊನೆಯ ಪ್ರಶ್ನೆ ಕೇಳಿದಾಗ ಮೂವತ್ತೈದರ ಆಸುಪಾಸಿನ ಸದಸ್ಯೆಯೊಬ್ಬರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಹಸ ನಂದು, ಚೀಟಿ ನಂದು, ಕಾರ್ಡು ಅವರ ಜೇಬಲ್ಲಿ" ಎಂದರು. ಅದೇ ಸಂಘದ ಲೆಕ್ಕದಲ್ಲಿ ಅವರು "ಸ್ವಂತ ಖಾತೆ ಹೊಂದಿದ ಮಹಿಳೆ" ಎಂದು ಎಣಿಕೆಯಾಗಿದ್ದರು. ಅಂದಿನಿಂದ ನಾನು ಖಾತೆ ಇರುವುದನ್ನು ಮತ್ತು ಖಾತೆಯನ್ನು ತಾವೇ ನಡೆಸುವುದನ್ನು ಎರಡು ಕಲಮುಗಳಾಗಿ ಬರೆಯುತ್ತೇನೆ.

ಜಾತಿ ತಾರತಮ್ಯದ ಬಗ್ಗೆ ನೇರವಾಗಿ ಕೇಳುವುದಕ್ಕಿಂತ ನೋಡಿ ತಿಳಿಯುವುದು ಉತ್ತಮ. ಬೇರೆ ಬೇರೆ ದಿನಗಳಲ್ಲಿ ಮೂರು ಬೆಳಿಗ್ಗೆ, ಮೂರು ಸಂಜೆ ಡೈರಿಯಲ್ಲಿ ಸುಮ್ಮನೆ ನಿಂತು, ಸಾಲಿನಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಯಾರ ಹಾಲನ್ನು ಎಲ್ಲರ ಕ್ಯಾನಿಗೇ ಸುರಿಯಲಾಗುತ್ತದೆ, ಯಾರ ಕೈಯಿಂದ ಪಾತ್ರೆಯನ್ನು ನೇರವಾಗಿ ತೆಗೆದುಕೊಳ್ಳುತ್ತಾರೆ, ಫ್ಯಾಟ್ ಎಷ್ಟು ಬಂತೆಂದು ಯಾರಿಗೆ ಓದಿ ಹೇಳುತ್ತಾರೆ ಎಂಬುದನ್ನು ಗಮನಿಸಿ ಮನೆಗೆ ಬಂದ ಮೇಲೆ ಬರೆಯಿರಿ. ಅಲ್ಲೇ ನಿಂತು ಬರೆದರೆ ಎಲ್ಲರ ನಡವಳಿಕೆಯೂ ಬದಲಾಗುತ್ತದೆ.

ಹೆಸರು ಮತ್ತು ಉತ್ತರಗಳನ್ನು ಒಂದೇ ಹಾಳೆಯಲ್ಲಿ ಇಡಬೇಡಿ. ಹೆಸರಿಗೆ ಒಂದು ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿಯನ್ನು ಬೇರೆ ಬೀಗದಲ್ಲಿಡಿ. ಫೋನಿನಲ್ಲೋ ಕಂಪ್ಯೂಟರಿನಲ್ಲೋ ದಾಖಲಿಸುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಗಮನದಲ್ಲಿಟ್ಟುಕೊಂಡು, ಏಕೆ ಕೇಳುತ್ತಿದ್ದೇವೆಂದು ಕನ್ನಡದಲ್ಲಿ ಓದಿ ಹೇಳಿ ಒಪ್ಪಿಗೆ ಪಡೆಯಬೇಕು.

ಹಂತ 7: ಲೆಕ್ಕ ಮಾಡಿ, ಸಂಘದ ಪಾಲನ್ನಷ್ಟೇ ಉಳಿಸಿಕೊಳ್ಳಿ

ಉದಾಹರಣೆಗೆ, ಖಾತೆಯನ್ನು ತಾವೇ ನಡೆಸುವ ಮಹಿಳೆಯರು ಸಂಘದ ಊರಿನಲ್ಲಿ ನೂರಕ್ಕೆ 40 ಇದ್ದವರು 72 ಆದರು ಎಂದಿಟ್ಟುಕೊಳ್ಳಿ. ಹೋಲಿಕೆಯ ಊರಿನಲ್ಲಿ 38 ಇದ್ದವರು 61 ಆದರು. ಮೊದಲನೆಯ ಊರಿನ ಏರಿಕೆ 32, ಎರಡನೆಯದರ ಏರಿಕೆ 23. ಸಂಘದ ಪಾಲು ಎಂದು ಹೇಳಬಹುದಾದದ್ದು ಈ ಎರಡರ ವ್ಯತ್ಯಾಸವಾದ 9 ಮಾತ್ರ. 32ರ ಮುಂದೆ 9 ಸಣ್ಣದಾಗಿ ಕಾಣುತ್ತದೆ, ಕೆಲವು ಆಡಳಿತ ಮಂಡಳಿಗಳು ಬೇಸರವನ್ನೂ ಪಟ್ಟುಕೊಳ್ಳುತ್ತವೆ. ಆದರೂ ಪ್ರಶ್ನಿಸಿದಾಗ ನಿಲ್ಲುವ ಅಂಕಿ ಅದೊಂದೇ.

ಇದೇ ಲೆಕ್ಕವನ್ನು ಪ್ರತಿ ವರ್ಗಕ್ಕೂ ಬೇರೆಯಾಗಿ ಮಾಡಿ. ಸರಾಸರಿ ಏರಿದ್ದು, ಭೂಮಿಯಿಲ್ಲದವರ ಸಾಲಿನಲ್ಲಿ ಏನೂ ಬದಲಾಗದೆ ಉಳಿದಿದ್ದರೆ, ಆ ಸಂಘ ಬೆಳೆದಿದೆ, ಒಳಗೊಂಡಿಲ್ಲ. ಒಂದು ವರ್ಗದಲ್ಲಿ ಹತ್ತು ಮಂದಿಗಿಂತ ಕಡಿಮೆ ಇದ್ದರೆ ಶೇಕಡಾವಾರು ಬರೆಯದೆ "9 ಮಂದಿಯಲ್ಲಿ 4" ಎಂದು ಸಂಖ್ಯೆಯನ್ನೇ ಬರೆಯಿರಿ.

ಹೂಡಿದ ಒಂದು ರೂಪಾಯಿಗೆ ಇಷ್ಟು ರೂಪಾಯಿಯ ಸಾಮಾಜಿಕ ಪ್ರತಿಫಲ ಎಂಬ ಅನುಪಾತವನ್ನು ಹಣ ಕೊಡುವವರು ಕೇಳುವುದುಂಟು. ಆತ್ಮವಿಶ್ವಾಸಕ್ಕೆ, ಗೌರವಕ್ಕೆ ರೂಪಾಯಿ ಬೆಲೆ ಕಟ್ಟುವಾಗ ಊಹೆಗಳು ಒಂದರ ಮೇಲೊಂದು ಸೇರುತ್ತವೆ. ಹಿಂದಿನ ಆರೂ ಹಂತಗಳು ಮುಗಿಯದೆ ಅದಕ್ಕೆ ಕೈಹಾಕಬೇಡಿ. ಹಾಕಲೇಬೇಕಾದರೆ ಪ್ರತಿ ಊಹೆಯನ್ನೂ ಪಕ್ಕದಲ್ಲೇ ಬರೆಯಿರಿ.

ಎಲ್ಲ ಸೂಚಕಗಳೂ ಒಟ್ಟಿಗೆ ಏರಿದ್ದರೆ, ಅತೃಪ್ತರು ಒಬ್ಬರೂ ಸಿಗದಿದ್ದರೆ, ಅಕ್ಕಪಕ್ಕದ ಮನೆಗಳ ಉತ್ತರಗಳು ಪದಕ್ಕೆ ಪದ ಒಂದೇ ಆಗಿದ್ದರೆ, ಸಂಘ ಬಿಟ್ಟವರ ಸಂಖ್ಯೆ ಸೊನ್ನೆ ಎಂದು ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ ಹಂತ 6ಕ್ಕೆ ಮರಳಿ. ಹತ್ತರಲ್ಲಿ ಒಂದು ಮನೆಗೆ ಇನ್ನೊಬ್ಬರನ್ನು ಕಳಿಸಿ ಎರಡು ಪ್ರಶ್ನೆ ಮತ್ತೆ ಕೇಳಿಸಿದರೆ ದೋಷ ಎಲ್ಲಿದೆಯೆಂದು ಸಾಮಾನ್ಯವಾಗಿ ಗೊತ್ತಾಗುತ್ತದೆ.

ಹಂತ 8: ಫಲಿತಾಂಶವನ್ನು ಸದಸ್ಯರ ಮುಂದೆ ಓದಿ

ವರದಿ ಹಣ ಕೊಟ್ಟವರಿಗೆ ಹೋಗುವ ಮೊದಲು ಸದಸ್ಯರಿಗೆ ತಲುಪಬೇಕು. ಎರಡು ಪುಟದ ಕನ್ನಡ ಸಾರಾಂಶ ಮಾಡಿ, ಓದಲು ಬಾರದವರಿಗೂ ತಿಳಿಯುವಂತೆ ಗಟ್ಟಿಯಾಗಿ ಓದಿ ಹೇಳಿ. ಮಹಾಸಭೆಗೆ ಮುಂಚೆ, ಒಂದೇ ಹಸುವಿನ ಮನೆಗಳವರು ಮತ್ತು ಪರಿಶಿಷ್ಟ ಜಾತಿಯ ಸದಸ್ಯೆಯರ ಜೊತೆ ಅವರ ಕೇರಿಯಲ್ಲೇ ಒಮ್ಮೆ ಕೂತು ಓದಿ, ಏಕೆಂದರೆ ದೊಡ್ಡ ಸಭೆಯಲ್ಲಿ ಅವರು ತಿದ್ದುಪಡಿ ಹೇಳಲು ಹಿಂಜರಿಯಬಹುದು. ಅವರು ಒಪ್ಪದ ಅಂಕಿಯಿದ್ದರೆ ಅವರ ಮಾತನ್ನೂ ಅಂಕಿಯ ಪಕ್ಕದಲ್ಲೇ ಸೇರಿಸಿ. ಯಾವ ಮನೆಯದೆಂದು ಗುರುತು ಸಿಗುವ ವಿವರಗಳನ್ನು ಓದುವ ಪ್ರತಿಯಿಂದ ತೆಗೆಯಿರಿ. ಸಣ್ಣ ಊರಿನಲ್ಲಿ ಕೇರಿಯ ಹೆಸರು, ಹಸುಗಳ ಸಂಖ್ಯೆ ಎರಡನ್ನು ಒಟ್ಟಿಗೆ ಹೇಳಿದರೂ ಮನೆ ತಿಳಿದುಹೋಗುತ್ತದೆ.

ಮಹಾಸಭೆಯಲ್ಲಿ ಎರಡು ನಿರ್ಣಯಗಳನ್ನು ನಡಾವಳಿಗೆ ಬರೆಸಿ. ಒಂದು, ಅಳತೆಯಲ್ಲಿ ಕಂಡ ಅತ್ಯಂತ ದುರ್ಬಲ ಸೂಚಕಕ್ಕೆ ಸಂಘ ಏನು ಮಾಡುತ್ತದೆ, ಯಾವ ತಿಂಗಳೊಳಗೆ ಮಾಡುತ್ತದೆ ಎಂಬುದು. ಹಸು ಬತ್ತಿದ ಅವಧಿಯಲ್ಲಿ ಬಡ ಸದಸ್ಯೆಯರ ಮತದಾನದ ಹಕ್ಕು ಉಳಿಯುವಂತೆ ಉಪವಿಧಿಯಲ್ಲಿ ಏನು ಸಾಧ್ಯವೆಂದು ಸಹಕಾರ ಇಲಾಖೆಯ ಅಧಿಕಾರಿಗಳನ್ನು ಬರವಣಿಗೆಯಲ್ಲಿ ಕೇಳುವುದು ಅಂಥ ಒಂದು ನಿರ್ಣಯವಾಗಬಹುದು. ಇನ್ನೊಂದು, ಮುಂದಿನ ಅಳತೆಯ ತಿಂಗಳು ಮತ್ತು ವರ್ಷ. ಪ್ರಶ್ನಾವಳಿಯ ಖಾಲಿ ಪ್ರತಿ, ಹೋಲಿಕೆಯ ಊರಿನ ವಿವರ ಮತ್ತು ಲೆಕ್ಕದ ಹಾಳೆಯನ್ನು ನಡಾವಳಿ ಪುಸ್ತಕವಿರುವ ಬೀರುವಿನಲ್ಲೇ ಇರಿಸಿ, ಕಾರ್ಯದರ್ಶಿ ಬದಲಾದಾಗ ಹಸ್ತಾಂತರದ ಪಟ್ಟಿಯಲ್ಲಿ ಅವೂ ಸೇರುವಂತೆ ನೋಡಿಕೊಳ್ಳಿ.